ಕೆರೆ ಅಂಗಳದ ಬಿರುಕು ಸೀರೆಗೆ: ಶಿಡ್ಲಘಟ್ಟದಿಂದ ವೈ.ಎನ್. ಹೊಸಕೋಟೆಗೆ ಬೇಸಿಗೆಯ ದಾರಿ

ಬತ್ತಿದ ಕೆರೆಯ ಬಿರುಕು ಪ್ರಿಂಟ್ ಸೀರೆಗಳಲ್ಲಿ ಆಗಾಗ ಕಾಣಿಸಿಕೊಳ್ಳುತ್ತದೆ. ಹತ್ತರಲ್ಲಿ ಎಂಟು ಜಿರಾಫೆಯ ಮೈಯಂತಿರುತ್ತವೆ. ಎಲ್ಲ ಗೆರೆಗಳೂ ಒಂದೇ ಸಲ ಹುಟ್ಟಿದವೆಂಬಂತೆ ಬಿಡಿಸುವುದೇ ಇದಕ್ಕೆ ಕಾರಣ. ಮಣ್ಣು ಹಾಗೆ ಸೀಳುವುದಿಲ್ಲ. ಬಿರುಕಿಗೆ ಹಿರಿಯದು, ಕಿರಿಯದು ಎಂಬ ಸರದಿ ಇದೆ. ಅದನ್ನು ಕಾಗದದಲ್ಲಿ ಕಾಪಾಡಿ, ಆಮೇಲೆ ಮಗ್ಗದ ಲೆಕ್ಕಕ್ಕೆ ಒಗ್ಗಿಸಿದರೆ ಮಾತ್ರ ಬಟ್ಟೆಯಲ್ಲಿ ಬಿಸಿಲು ಕಾಣುತ್ತದೆ.

ಇಂಥ ಬಿರುಕಿನ ರೇಷ್ಮೆ ಸೀರೆ ನೇಯಲು ಬೇಕಾದದ್ದೆಲ್ಲ ಅಕ್ಕಪಕ್ಕದ ಎರಡು ಜಿಲ್ಲೆಗಳಲ್ಲೇ ಸಿಗುತ್ತದೆ. ರೇಷ್ಮೆ ಶಿಡ್ಲಘಟ್ಟದಲ್ಲಿ, ಬಿರುಕು ಬಾಗೇಪಲ್ಲಿ ಕಡೆಯ ಕೆರೆ ಅಂಗಳದಲ್ಲಿ, ಮಗ್ಗ ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯಲ್ಲಿ. ಹೊರಡಲು ಏಪ್ರಿಲ್ ಕೊನೆಯ ವಾರ ಸರಿಯಾದ ಕಾಲ. ಮೇ ತಿಂಗಳಿಗೆ ತಳ್ಳಿದರೆ ಒಂದು ಜೋರು ಮಳೆಗೆ ಬಿರುಕಿನ ಬಾಯಿ ಮುಚ್ಚಿ, ಅಳೆಯಲು ಬಂದದ್ದು ವ್ಯರ್ಥವಾಗಬಹುದು.

ಸೋಮವಾರ: ಶಿಡ್ಲಘಟ್ಟ

ಚಿಕ್ಕಬಳ್ಳಾಪುರದಿಂದ ಅರ್ಧ ಗಂಟೆಯ ಬಸ್ ದಾರಿ. ಇಲ್ಲಿನ ಸರ್ಕಾರಿ ರೇಷ್ಮೆಗೂಡಿನ ಮಾರುಕಟ್ಟೆ ರಾಜ್ಯದಲ್ಲಿ ರಾಮನಗರದ ನಂತರದ ದೊಡ್ಡದು. ಹರಾಜಿಗೆ ಮೊದಲೇ ಒಳಹೊಕ್ಕು ಲಾಟುಗಳನ್ನು ನೋಡುತ್ತಾ ನಡೆದರೆ, ಬಿಸಿಲು ಯಾವ ಲಾಟಿಗೆ ಹೊಡೆದಿದೆ ಎಂಬುದು ಕೈಗೇ ಗೊತ್ತಾಗುತ್ತದೆ. ಗೂಡನ್ನು ಎರಡು ಬೆರಳಲ್ಲಿ ಒತ್ತಿದಾಗ ಒಳಕ್ಕೆ ಬಾಗಿದರೆ ಹುಳು ಕೊನೆಯ ಹಂತದಲ್ಲಿ ಸೆಕೆಗೆ ಸೊಪ್ಪು ತಿನ್ನುವುದು ಬಿಟ್ಟಿದೆ, ಹಾಗಾಗಿ ನೂಲು ಕಡಿಮೆ ಬಿಟ್ಟಿದೆ. ಗೂಡಿನ ಮೇಲೆ ಕಂದು ಕಲೆ ಇದ್ದರೆ ಒಳಗಿನ ಕೋಶ ಸತ್ತು ಕರಗಿದೆ. ಇದು ಹೆಚ್ಚಾಗಿ ಸಾಗಾಟದಲ್ಲಿ ಆಗುವ ಹಾಳು. ಚೀಲಕ್ಕೆ ಒತ್ತಿ ತುಂಬಿ ಹಗಲಲ್ಲಿ ಟೆಂಪೋಗೆ ಹಾಕಿದರೆ ಜೀವಂತ ಗೂಡಿನ ರಾಶಿ ತಾನೇ ಕಾವು ಹಿಡಿಯುತ್ತದೆ. ತಿಳಿದವರು ಸಡಿಲವಾಗಿ ತುಂಬಿ ರಾತ್ರಿಯೇ ಹೊರಡುತ್ತಾರೆ.

ಹುಳು ಮನೆಗೆ ಬೇಕಾದ ತಾಪ ತೀರಾ ಇಕ್ಕಟ್ಟಿನದು. ಚಾಕಿ (ಎಳೆಯ) ಹುಳುವಿಗೆ 26ರಿಂದ 28 ಡಿಗ್ರಿ, ಗಾಳಿಯಲ್ಲಿ ಶೇ 80ಕ್ಕಿಂತ ಹೆಚ್ಚು ತೇವ. ನಾಲ್ಕನೇ ಜ್ವರ (ಪೊರೆ ಕಳಚುವ ನಿದ್ದೆ) ಎದ್ದ ಮೇಲೆ 24–25 ಡಿಗ್ರಿ, ಶೇ 70ರ ತೇವ. ಗೂಡು ಕಟ್ಟುವಾಗ ತೇವ ಇನ್ನೂ ಇಳಿದು ಶೇ 60–65ಕ್ಕೆ ಬರಬೇಕು. ಹೊರಗೆ 38 ಡಿಗ್ರಿ ಇರುವಾಗ ಇದನ್ನು ಸಾಧಿಸಲು ಕಿಟಕಿಗೆ ಒದ್ದೆ ಗೋಣಿ ಕಟ್ಟುತ್ತಾರೆ. ಆ ಗೋಣಿಗೂ ಒಂದು ಮಿತಿ ಇದೆ. ಎರಡು ಥರ್ಮಾಮೀಟರ್ ತಂದು ಒಂದರ ಬುರುಡೆಗೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದರೆ ಮಿತಿ ಎಷ್ಟೆಂದು ತಿಳಿಯುತ್ತದೆ. ಒಣ ಮಾಪಕ 38, ಒದ್ದೆಯದು 22 ತೋರಿಸಿದರೆ ಗಾಳಿಯ ತೇವ ಸುಮಾರು ಶೇ 24. ಗೋಣಿ ಎಷ್ಟೇ ನೆನೆಸಿದರೂ ಕೋಣೆ 22ಕ್ಕಿಂತ ಕೆಳಗಿಳಿಯದು. 27–28ಕ್ಕೆ ನಿಂತರೆ ಅದೇ ಪುಣ್ಯ. ರಾತ್ರಿಯೂ ಗೋಣಿ ಇಳಿಬಿಟ್ಟು ಕಿಟಕಿ ಮುಚ್ಚಿಡುವುದು ದೊಡ್ಡ ತಪ್ಪು. ಗಾಳಿಯಾಡದೆ ಹುಳುವಿನ ಹಾಸಿಗೆ ಹುದುಗಿ ಸಪ್ಪೆ ರೋಗ, ಹಾಲುತೊಂಡೆ ಒಂದರ ಹಿಂದೊಂದು ಬರುತ್ತವೆ. ಹಣ್ಣಾದ ಹುಳುವನ್ನು ಚಂದ್ರಿಕೆಗೆ (ಗೂಡು ಕಟ್ಟುವ ತಟ್ಟೆಗೆ) ಬಿಟ್ಟ ಮೇಲೂ ಗೋಣಿ ಒದ್ದೆ ಮಾಡುತ್ತಿದ್ದರೆ ನೂಲಿನ ಗೋಂದು ನಿಧಾನವಾಗಿ ಒಣಗಿ ಎಳೆಗಳು ಬಿಗಿಯಾಗಿ ಅಂಟಿಕೊಳ್ಳುತ್ತವೆ. ಅಂಥ ಗೂಡು ನೂಲು ಬಿಚ್ಚುವಾಗ ಪದೇ ಪದೇ ಹರಿಯುತ್ತದೆ.

ಮಧ್ಯಾಹ್ನಕ್ಕೆ ನೂಲು ಬಿಚ್ಚುವ ಘಟಕ. ಬಿರುಕಿನ ಸೀರೆಗೆ ಎರಡು ಬಗೆಯ ನೂಲು ಕೊಳ್ಳಬೇಕು. ಹಾಸಿಗೆ, ಅಂದರೆ ಮಗ್ಗದ ಉದ್ದ ಎಳೆಗಳಿಗೆ, ಬೈವೋಲ್ಟಿನ್ (ಬಿಳಿ ಗೂಡಿನ ತಳಿ) ಗೂಡಿನ 20/22 ಡೆನಿಯರ್ (ನೂಲಿನ ದಪ್ಪದ ಅಳತೆ), ಎರಡೆಳೆ ಹುರಿ ಮಾಡಿದ್ದು. ಇದರಲ್ಲಿ ಗಂಟು ಇರಬಾರದು. ಸಾದಾ ನೆಲದ ಮೇಲೆ ಪ್ರತಿ ಗಂಟೂ ಸುಳ್ಳು ಬಿರುಕಾಗಿ ಕಾಣುತ್ತದೆ. ಹೊಕ್ಕಿಗೆ, ಅಂದರೆ ಅಡ್ಡ ಎಳೆಗೆ, ಮಿಶ್ರತಳಿ ಗೂಡಿನ ಮೂರೆಳೆ ಸಾಕು. ಚರಕದ ನೂಲಾದರೆ ಇನ್ನೂ ಒಳ್ಳೆಯದು. ಅದರ ಉಬ್ಬುತಗ್ಗು ಬೇರೆ ಸೀರೆಯಲ್ಲಿ ದೋಷ, ಇಲ್ಲಿ ಮಣ್ಣಿನ ಒರಟು.

ಲೆಕ್ಕ ಹೀಗೆ. 48 ಇಂಚು ಪನ್ನ (ಅಗಲ), ಇಂಚಿಗೆ 96 ಎಳೆ ಎಂದರೆ 4,608 ಎಳೆ ಹಾಸು. ಆರೂವರೆ ಮೀಟರ್ ಉದ್ದಕ್ಕೆ ಸುಮಾರು 30 ಕಿಲೋಮೀಟರ್ ನೂಲು, ತೂಕ 140 ಗ್ರಾಂ. ಇಂಚಿಗೆ 80 ಹೊಕ್ಕು ಹಾಕಿದರೆ ರವಿಕೆ ಸೇರಿ 6.3 ಮೀಟರಿಗೆ 24 ಕಿಲೋಮೀಟರ್, ತೂಕ 170 ಗ್ರಾಂ. ಗೋಂದು ತೆಗೆದ ಮೇಲೆ ಒಟ್ಟು ತೂಕದಲ್ಲಿ ಕಾಲು ಭಾಗ ಹೋಗುತ್ತದೆ. ಒಂದು ಕಿಲೋ ಕಚ್ಚಾ ರೇಷ್ಮೆಗೆ ಏಳು ಕಿಲೋ ಗೂಡು ಎಂದು ಹಿಡಿದರೆ, ಸೋರಿಕೆ ಸೇರಿ ಒಂದು ಸೀರೆ ಸುಮಾರು ಎರಡೂಕಾಲು ಕಿಲೋ ಗೂಡು ತಿನ್ನುತ್ತದೆ. ಸೆಕೆಗೆ ತೆಳ್ಳಗಾದ ಗೂಡು ಏಳಕ್ಕೆ ನಿಲ್ಲುವುದಿಲ್ಲ, ಎಂಟು ದಾಟುತ್ತದೆ.

ಮಂಗಳವಾರ: ಬಾಗೇಪಲ್ಲಿ ಕಡೆಯ ಕೆರೆ ಅಂಗಳ

ಮೊದಲು ಕೆರೆಯ ಆಯ್ಕೆ. ಕೆ.ಸಿ. ವ್ಯಾಲಿ, ಎಚ್.ಎನ್. ವ್ಯಾಲಿ ಯೋಜನೆಗಳಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಹರಿದು ಬಂದ ಮೇಲೆ ಕೋಲಾರ, ಚಿಕ್ಕಬಳ್ಳಾಪುರದ ಅನೇಕ ದೊಡ್ಡ ಕೆರೆಗಳು ಬೇಸಿಗೆಯಲ್ಲೂ ಪೂರ್ತಿ ಬತ್ತುವುದಿಲ್ಲ. ಕೊಳವೆ ಸಾಲಿಗೆ ಸೇರದ ಸಣ್ಣ ಊರಕೆರೆಯನ್ನೇ ಹುಡುಕಬೇಕು. ಹೂಳೆತ್ತಿದ ಕೆರೆ ಬೇಡ. ಜೆಸಿಬಿ ಹಲ್ಲಿನ ಗುರುತೇ ಸಿಗುತ್ತದೆ.

ಬೆಳಗ್ಗೆ ಆರೂವರೆಗೆ ಅಂಗಳಕ್ಕೆ ಇಳಿದು ಒಂಬತ್ತೂವರೆಗೆ ಮೇಲೇರಬೇಕು. ಅಷ್ಟು ಹೊತ್ತಿಗೆ ತಲಾ ಎರಡು ಲೀಟರ್ ನೀರು, ಓಆರ್‌ಎಸ್ ಪೊಟ್ಟಣ, ತಲೆಗೆ ಟವೆಲ್. ಬೆಳಗಿನ ಓರೆ ಬಿಸಿಲಲ್ಲಿ ಬಿರುಕಿನ ಒಂದು ದಂಡೆ ಬೆಳಗಿ ಇನ್ನೊಂದು ಕಪ್ಪಾಗಿರುವುದರಿಂದ ಆಳ ಕಾಣುತ್ತದೆ. ನಡುಹಗಲಲ್ಲಿ ಎಲ್ಲ ಚಪ್ಪಟೆ.

ನಡೆಯುವ ದಿಕ್ಕು ಮುಖ್ಯ. ಕಾಲುವೆ ನೀರು ಬಂದು ಸೇರುವ ಕಡೆ ಮರಳು ಹೆಚ್ಚು. ಅಲ್ಲಿ ಮಣ್ಣು ತೆಳ್ಳಗೆ ಪದರ ಎದ್ದು, ಅಂಗೈಗಿಂತ ಚಿಕ್ಕ ಚೂರುಗಳಾಗಿ ಅಂಚು ಮೇಲಕ್ಕೆ ಮುದುರಿರುತ್ತದೆ. ಮೇಲ್ಪದರ ಕೆಳಗಿನದಕ್ಕಿಂತ ಬೇಗ ಒಣಗಿ ಕುಗ್ಗುವುದೇ ಈ ಮುದುರಿಗೆ ಕಾರಣ. ಏರಿಯ ಕಡೆಗೆ, ತೂಬಿನ ಹತ್ತಿರಕ್ಕೆ ಹೋದಂತೆ ನಯವಾದ ಗೋಡು ಮಣ್ಣು ದಪ್ಪವಾಗಿ ಕೂತಿರುತ್ತದೆ. ಅಲ್ಲಿ ಮಣ್ಣಿನ ಹಲಗೆಗಳು ಮೊಣಕೈ ಉದ್ದಕ್ಕೆ, ಬಿರುಕು ಮೊಳದ ಆಳಕ್ಕೆ. ಬಿರುಕುಗಳ ನಡುವಿನ ಅಂತರ ಒಣಗುವ ಪದರದ ದಪ್ಪಕ್ಕೆ ತಕ್ಕಂತೆ ಹೆಚ್ಚುತ್ತದೆ ಎಂಬ ನಿಯಮ ಇಲ್ಲಿ ಹೆಜ್ಜೆ ಹೆಜ್ಜೆಗೂ ಕಾಣುತ್ತದೆ. ಸೀರೆಯ ವಿನ್ಯಾಸವೂ ಇದೇ ನಡಿಗೆ: ಒಡಲಲ್ಲಿ ಚಿಕ್ಕ ಚೂರು, ಸೆರಗಿನಲ್ಲಿ ದೊಡ್ಡ ಹಲಗೆ.

ಇನ್ನು ಕೂಡುಗಳು, ಅಂದರೆ ಬಿರುಕುಗಳು ಸೇರುವ ಜಾಗಗಳು. ಒಂದೇ ಸಲ ಒಣಗಿದ ಮಣ್ಣಿನಲ್ಲಿ ಮೊದಲ ಬಿರುಕು ಉದ್ದಕ್ಕೆ ಓಡುತ್ತದೆ. ಅದು ತನ್ನ ಅಡ್ಡಕ್ಕಿದ್ದ ಎಳೆತವನ್ನೆಲ್ಲ ಬಿಡಿಸಿಬಿಡುವುದರಿಂದ, ಆಮೇಲೆ ಬಂದ ಬಿರುಕು ಅದನ್ನು ಸಮೀಪಿಸುವಾಗ ಬಾಗಿ 90 ಡಿಗ್ರಿಯಲ್ಲೇ ಮುಟ್ಟಿ ನಿಲ್ಲುತ್ತದೆ, ದಾಟುವುದಿಲ್ಲ. ನೆನೆದು ಒಣಗಿ, ಮತ್ತೆ ನೆನೆದು ಒಣಗಿದ ಮಣ್ಣಿನಲ್ಲಿ ಈ ಕೂಡುಗಳು ನಿಧಾನವಾಗಿ ಜರುಗಿ ಮೂರು ಕಡೆಗೂ 120 ಡಿಗ್ರಿಯ ಹತ್ತಿರಕ್ಕೆ ಬರುತ್ತವೆ. ಅಂದರೆ ನೇರ ಮೂಲೆಯ ಕೂಡು ಒಂದೇ ಏಟಿನ ಬಿಸಿಲಿನದು, ಮೂರು ಕವಲಿನ ಕೂಡು ಹಲವು ಸುತ್ತು ನೆನೆದು ಒಣಗಿದ್ದರದು. ಎರಡನ್ನೂ ಬೆರೆಸಿದರೆ ಚಿತ್ರ ನಂಬಿಕೆ ಕಳೆದುಕೊಳ್ಳುತ್ತದೆ. ಬೇಸಿಗೆಯ ಸೀರೆಗೆ ನೇರ ಮೂಲೆಯದೇ ಸರಿ. ಎರಡು ಬಿರುಕು ಒಂದನ್ನೊಂದು ಕತ್ತರಿಸಿ ದಾಟುವ ನಾಲ್ಕು ಕವಲಿನ ಕೂಡು ಅಂಗಳದಲ್ಲಿ ಅಪರೂಪ. ಪ್ರಿಂಟ್ ಸೀರೆಯಲ್ಲಿ ಮಾತ್ರ ಹೇರಳ.

ಅಳತೆಗೆ ಒಂದು ಮೀಟರ್ ಚೌಕದ ಚೌಕಟ್ಟು, ಹತ್ತು ಸೆಂಟಿಮೀಟರಿಗೊಂದು ದಾರ. ಬಟರ್ ಪೇಪರ್ ಗಾಳಿಗೆ ನಿಲ್ಲದು. ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಸಿ, ಮೂಲೆಗೆ ಕಲ್ಲಿಟ್ಟು, ಮಾರ್ಕರಿನಲ್ಲಿ ಗೆರೆ ಎತ್ತಬೇಕು. ಮೊದಲು ಅತಿ ಉದ್ದದ ಬಿರುಕುಗಳು ಕೆಂಪಿನಲ್ಲಿ, ಅವಕ್ಕೆ ಬಂದು ಮುಟ್ಟಿ ನಿಂತವು ನೀಲಿಯಲ್ಲಿ, ನೀಲಿಗೆ ಮುಟ್ಟಿ ನಿಂತವು ಹಸಿರಿನಲ್ಲಿ. ಹೀಗೆ ಮೂರು ಬಣ್ಣ ಇಟ್ಟರೆ ಸರದಿ ತಾನಾಗಿ ದಾಖಲಾಗುತ್ತದೆ. ಹತ್ತು ಗಂಟೆ ದಾಟಿದರೆ ಕಾದ ನೆಲದ ಮೇಲೆ ಪ್ಲಾಸ್ಟಿಕ್ ಸೊಟ್ಟಗಾಗಿ ಗೆರೆ ಜರುಗುತ್ತದೆ. ಫೋಟೋ ಮಾತ್ರ ನಂಬಿದರೆ ಇನ್ನೊಂದು ಎಡವಟ್ಟು: ಮೊಬೈಲ್ ಸ್ವಲ್ಪ ಓರೆಯಾದರೂ ನೇರ ಮೂಲೆ ನೇರವಾಗಿ ಉಳಿಯುವುದಿಲ್ಲ.

ದನದ ಗೊರಸಿನ ಗುರುತು ಸಿಕ್ಕಲ್ಲಿ ನಿಂತು ನೋಡಿ. ಮಣ್ಣು ಹಸಿಯಿದ್ದಾಗ ಬಿದ್ದ ಗುಳಿಯ ಮೂಲೆಯಿಂದಲೇ ಎಷ್ಟೋ ಬಿರುಕು ಹೊರಟಿರುತ್ತದೆ, ಎಳೆತ ಅಲ್ಲಿ ಒಟ್ಟಾಗುವುದರಿಂದ. ಬುಟ್ಟಾ ಬೇಕೇ ಬೇಕು ಅನ್ನುವವರಿಗೆ ಮಾವಿನಕಾಯಿ ತಂದು ಬಿರುಕಿನ ಮಧ್ಯೆ ಕೂರಿಸುವುದಕ್ಕಿಂತ ಈ ಜೋಡಿ ಗೊರಸೇ ಬುಟ್ಟಾ. ಝರಿ ಬೇಡ, ಹಾಸಿನ ಬಣ್ಣದಲ್ಲೇ ಇರಲಿ.

ಬಣ್ಣಕ್ಕೆ ಒಂದು ಹೆಂಟೆ ಸಾಕು. ಅದರ ಅರ್ಧ ಭಾಗ ಒಣಗಿದಂತೆಯೇ ಇರಲಿ, ಇನ್ನರ್ಧಕ್ಕೆ ನೀರು ಚಿಮುಕಿಸಿ. ಒಣಗಿದ ಬೂದು ಹೊಕ್ಕಿನ ಬಣ್ಣ. ನೆನೆದ ಕಂದು ಹಾಸಿನದು, ಬಿರುಕಿನ ಒಳಗೆ ಕಾಣುವುದೂ ಅದೇ. ಎರಡನ್ನೂ ನೆರಳಲ್ಲಿ ಇಟ್ಟು ಶೇಡ್ ಕಾರ್ಡಿಗೆ ಹೋಲಿಸಬೇಕು.

ಬುಧವಾರ: ಗೌರಿಬಿದನೂರು, ಮಧುಗಿರಿ, ಪಾವಗಡ

ಇಡೀ ದಿನ ಪ್ರಯಾಣ. ಮಧುಗಿರಿಯ ಏಕಶಿಲಾ ಬೆಟ್ಟವನ್ನು ಹತ್ತುವ ಕಾಲ ಇದಲ್ಲ, ಕೆಳಗಿನಿಂದಲೇ ನೋಡಿದರೆ ಸಾಕು. ಬಂಡೆಯ ಬಿರುಕು ಮಣ್ಣಿನದಕ್ಕಿಂತ ಬೇರೆ. ಮೇಲ್ಮೈಗೆ ಸಮಾನಾಂತರವಾಗಿ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ, ಅಂಚುಗಳು ಉದ್ದನೆಯ ಬಾಗು ಗೆರೆಗಳು. ಸೀರೆಯ ಅಂಚಿಗೆ ಇವೇ ಸರಿಹೊಂದುತ್ತವೆ: ಒಡಲಿನ ಚೂರು ಗೆರೆಗಳ ಪಕ್ಕದಲ್ಲಿ ಕಣ್ಣಿಗೆ ಬಿಡುವು ಕೊಡುವ ನಾಲ್ಕಿಂಚಿನ ಬಾಗುಗಳು.

ಪಾವಗಡದ ತಿರುಮಣಿ ಸುತ್ತಿನ ಸೌರ ಪಾರ್ಕ್ 2,050 ಮೆಗಾವಾಟಿನದು, ಸುಮಾರು 13,000 ಎಕರೆ. ಬಿಸಿಲು ಹೆಚ್ಚಿದಷ್ಟೂ ವಿದ್ಯುತ್ ಹೆಚ್ಚು ಎಂದು ಅಂದುಕೊಳ್ಳುತ್ತೇವೆ. ಬೆಳಕು ಬೇಕು ನಿಜ, ಕಾವು ಬೇಡ. ಫಲಕದ ತಾಪ 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೆ ಉತ್ಪಾದನೆ ಶೇ 0.3ರಿಂದ 0.4ರಷ್ಟು ಇಳಿಯುತ್ತದೆ. ಈ ಫಲಕದ ಸಾಲುಗಳನ್ನೇ ಚೌಕುಳಿ ಸೀರೆ ಮಾಡಬಹುದಲ್ಲ ಎನ್ನುವವರಿದ್ದಾರೆ. ಮಾಡಬಹುದು, ಆದರೆ ಚೌಕುಳಿ ಯಾವ ಊರಿನದೂ ಆಗಬಹುದು.

ಗುರುವಾರ: ವೈ.ಎನ್. ಹೊಸಕೋಟೆ, ಬಣ್ಣ ಮತ್ತು ಗ್ರಾಫ್

ರೇಷ್ಮೆ ಸೀರೆಯ ಊರು. ಬೀದಿಯಲ್ಲಿ ಕನ್ನಡ, ತೆಲುಗು ಎರಡೂ ನಡೆಯುತ್ತವೆ, ಮನೆಯೊಳಗಿಂದ ಮಗ್ಗದ ಸದ್ದು.

ಮೊದಲು ಗೋಂದು ತೆಗೆಯುವುದು. ನೂಲಿನ ತೂಕದ ಶೇ 20–25ರಷ್ಟು ಸೋಪು, ಲೀಟರಿಗೆ ಒಂದು ಗ್ರಾಂ ಸೋಡಾ, ನೂಲಿನ 30 ಪಟ್ಟು ನೀರು, 90–95 ಡಿಗ್ರಿಯಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಮಿಶ್ರತಳಿ ನೂಲಿನ ಹಳದಿ ಬಣ್ಣ ಬಹುಪಾಲು ಗೋಂದಿನಲ್ಲೇ ಇರುವುದರಿಂದ ಇಲ್ಲಿಯೇ ಬಿಟ್ಟುಹೋಗುತ್ತದೆ. ಉಳಿದರೆ ಬೂದು ಬಣ್ಣ ಹಸಿರಿಗೆ ತಿರುಗುತ್ತದೆ. ಈ ಭಾಗದಲ್ಲಿ ನಿಜವಾದ ಕಾಟ ಕೊಳವೆಬಾವಿಯ ಗಡಸು ನೀರು. ಸೋಪು ಅದರ ಸುಣ್ಣದೊಡನೆ ಸೇರಿ ಬಿಳಿ ಜಿಡ್ಡಾಗಿ ನೂಲಿಗೆ ಕೂರುತ್ತದೆ, ಆಮೇಲೆ ಬಣ್ಣ ತೇಪೆ ತೇಪೆ. ನೀರನ್ನು ಮೊದಲು ಮೆದು ಮಾಡಿಕೊಳ್ಳಬೇಕು, ಇಲ್ಲವೇ ಮಳೆನೀರು, ಆರ್‌ಓ ನೀರು ಬಳಸಬೇಕು.

ಆಸಿಡ್ ಬಣ್ಣವನ್ನು 40 ಡಿಗ್ರಿಯಲ್ಲಿ ಶುರುಮಾಡಿ ಅರ್ಧ ಗಂಟೆಗೂ ಹೆಚ್ಚು ಹೊತ್ತಿನಲ್ಲಿ ನಿಧಾನವಾಗಿ 85–90ಕ್ಕೆ ಏರಿಸಬೇಕು. ಅಸಿಟಿಕ್ ಆಮ್ಲವನ್ನು ಎರಡು ಕಂತಿನಲ್ಲಿ ಹಾಕಿ. ಬೇಸಿಗೆಯಲ್ಲಿ ತೊಟ್ಟಿಯ ನೀರೇ ಬಿಸಿಯಾಗಿರುವುದರಿಂದ ಅಳೆಯದೆ ಶುರುಮಾಡಿದರೆ ಲಡಿಯ ಹೊರಗಿನ ಎಳೆ ಬಣ್ಣ ಕುಡಿದುಬಿಡುತ್ತದೆ, ಒಳಗಿನದು ಪೇಲವ. ಲಡಿ ಒಣಗಿಸುವುದು ನೆರಳಲ್ಲಿ ಮಾತ್ರ. ನೇರ ಬಿಸಿಲಿಗೆ ರೇಷ್ಮೆ ಹಳದಿಗೆ ತಿರುಗುತ್ತದೆ, ಕಸುವೂ ಕಳೆದುಕೊಳ್ಳುತ್ತದೆ.

ಗ್ರಾಫ್ ಕೆಲಸಕ್ಕೆ, ಅಂದರೆ ಬಿರುಕಿನ ಚಿತ್ರವನ್ನು ಎಳೆ-ಹೊಕ್ಕಿನ ಲೆಕ್ಕದ ಚೌಕಗಳಿಗೆ ಇಳಿಸಲು, ಸಾಮಾನ್ಯ ಗ್ರಾಫ್ ಹಾಳೆ ಬೇಡ. ಇಂಚಿಗೆ 96 ಎಳೆ, 80 ಹೊಕ್ಕು ಅಂದರೆ 12ಕ್ಕೆ 10ರ ಹಾಳೆ ಬೇಕು. 10ಕ್ಕೆ 10ರಲ್ಲಿ ಬರೆದರೆ ಬಟ್ಟೆಯಲ್ಲಿ ಚಿತ್ರ ಉದ್ದಕ್ಕೆ ಶೇ 20ರಷ್ಟು ಹಿಗ್ಗುತ್ತದೆ, ಓರೆ ಬಿರುಕಿನ 90 ಡಿಗ್ರಿ ಕೆಡುತ್ತದೆ. ಮಂಗಳವಾರದ ಶ್ರಮವೆಲ್ಲ ಆ ಮೂಲೆಗಾಗಿಯೇ ಆದದ್ದು.

ತೂತು ಹೊಡೆದ ಕಾರ್ಡುಗಳ ಪ್ರಕಾರ ಎಳೆ ಎತ್ತುವ 240 ಹುಕ್ಕಿನ ಜಕಾರ್ಡಿನಲ್ಲಿ ಚಿತ್ರದ ಅಗಲ 240 ಎಳೆ, ಅಂದರೆ ಎರಡೂವರೆ ಇಂಚು. ಅಂಚು ಬಿಟ್ಟು 40 ಇಂಚಿನ ಒಡಲಲ್ಲಿ ಅದು 16 ಸಲ ಮರುಕಳಿಸುತ್ತದೆ. ಉದ್ದಕ್ಕೆ, ಹೊಕ್ಕಿಗೊಂದರಂತೆ, 480 ಕಾರ್ಡು ಹೊಡೆಸಿದರೆ ಆರಿಂಚು. ಅಗಲದ ಮರುಕಳಿಕೆ ಕಣ್ಣಿಗೆ ಹೊಡೆಯದಿರಲು ಕನಿಷ್ಠ ಎರಡು ಹಲಗೆಗಳಾದರೂ ಎರಡು ಚಿತ್ರಗಳ ಸಂಧಿಯ ಮೇಲೆ ಕೂರಬೇಕು; ಬಲದಂಚಿನಲ್ಲಿ ಹೊರಬಿದ್ದ ಗೆರೆ ಅದೇ ಹೊಕ್ಕಿನಲ್ಲಿ ಎಡದಂಚಿನಿಂದ ಒಳಬರಬೇಕು. ಕೂಡನ್ನು ಸಂಧಿಯ ಮೇಲೆ ಇಡಬಾರದು. ಚಿತ್ರವನ್ನು ಕನ್ನಡಿಯಂತೆ ತಿರುಗಿಸುವ ದಾರಕಟ್ಟು (ಹುಕ್ಕಿನಿಂದ ಎಳೆಗಳಿಗೆ ಇಳಿಯುವ ದಾರಗಳ ಜೋಡಣೆ) ಇರುವ ಮಗ್ಗ ಇದಕ್ಕೆ ಬೇಡವೇ ಬೇಡ. ಎರಡೂ ಬದಿ ಒಂದೇ ಆದ ಬಿರುಕಿನಲ್ಲಿ ಹೂವು, ಮುಖ ಎಲ್ಲ ಕಾಣತೊಡಗುತ್ತವೆ.

ಶುಕ್ರವಾರ: ಮಗ್ಗದ ಮುಂದೆ

ಬಿರುಕನ್ನು ಬೇರೆ ನೂಲು ಹಾಕಿ ಬರೆಯುವ ಅಗತ್ಯವಿಲ್ಲ. ನೆಲ ಸಾದಾ ನೇಯ್ಗೆ: ಕಂದು ಹಾಸು, ಬೂದು ಹೊಕ್ಕು ಬೆರೆತು ಒಣ ಮಣ್ಣಿನ ಡಬಲ್ ಶೇಡ್. ಬಿರುಕು ಬರಬೇಕಾದಲ್ಲಿ ಹಾಸಿನ ಎಳೆಯನ್ನು ಕೆಲವು ಹೊಕ್ಕು ಮೇಲೆಯೇ ನಿಲ್ಲಿಸಿದರೆ ಕಂದು ಗೆರೆ ತಾನೇ ಏಳುತ್ತದೆ. ಎರಡನೇ ಲಾಳಿ ಇಲ್ಲ, ಹಿಂಬದಿಯಲ್ಲಿ ಜೋತ ನೂಲಿಲ್ಲ.

ಅಡ್ಡ ಬಿರುಕಿಗೆ ಪ್ರತಿ ಎಳೆ ನಾಲ್ಕು ಹೊಕ್ಕಿನ ಮೇಲೆ ನಿಂತರೆ ಸಾಕು, ದಪ್ಪ ಸುಮಾರು 1.3 ಮಿಲಿಮೀಟರ್. ಉದ್ದ ಬಿರುಕಿಗೆ ಐದು ಎಳೆ, ಅದೇ ದಪ್ಪ. ಆದರೆ ಉದ್ದ ಬಿರುಕಿನಲ್ಲಿ ಆ ಐದೇ ಎಳೆ ಮೇಲೆ ಇದ್ದುಬಿಡುವುದರಿಂದ ಐದಾರು ಹೊಕ್ಕಿಗೊಮ್ಮೆ ಕೆಳಗೆ ಇಳಿಸಿ ಕಟ್ಟಬೇಕು. ಬಿಟ್ಟರೆ ಕಾಲುಂಗುರಕ್ಕೆ, ಬಳೆಗೆ ಸಿಕ್ಕು ಎಳೆಯುತ್ತದೆ. ಕಟ್ಟಿದರೂ ಮತ್ತೊಂದು ತೊಂದರೆ ಉಳಿಯುತ್ತದೆ. ಸಾದಾ ನೇಯ್ಗೆಯ ಎಳೆ ಪ್ರತಿ ಹೊಕ್ಕಿಗೂ ಬಳುಕಿ ಹೆಚ್ಚು ಉದ್ದ ತಿನ್ನುತ್ತದೆ; ಬಿರುಕಿನ ಎಳೆ ಕಡಿಮೆ ತಿನ್ನುತ್ತದೆ. ಅದೇ ಎಳೆಗಳ ಮೇಲೆ ಬಿರುಕು ಮುಂದುವರಿದರೆ ಅವು ಸಡಿಲವಾಗಿ ಜೋತು ಲಾಳಿಗೆ ಸಿಕ್ಕಿ ಹರಿಯುತ್ತವೆ. ಹಾಗಾಗಿ ಯಾವ ಉದ್ದ ಗೆರೆಯೂ ಒಂದಿಂಚಿಗಿಂತ ಹೆಚ್ಚು ಒಂದೇ ಎಳೆಗಳ ಮೇಲೆ ನಿಲ್ಲದಂತೆ ಓರೆಯಾಗಿ ಸರಿಯುತ್ತಿರಬೇಕು. ಅದೃಷ್ಟಕ್ಕೆ ಕೆರೆಯ ಬಿರುಕೂ ನೂಲು ಹಿಡಿದಂತೆ ನೇರ ಹೋಗುವುದಿಲ್ಲ.

ಸಾದಾ ನೆಲವನ್ನೂ ಜಕಾರ್ಡಿಗೇ ಬಿಟ್ಟರೆ ಪ್ರತಿ ತುಳಿತಕ್ಕೆ ಸುಮಾರು 120 ಹುಕ್ಕು, ಅಂದರೆ ಹುಕ್ಕಿಗೆ 16ರಂತೆ 1,900ಕ್ಕೂ ಹೆಚ್ಚು ಎಳೆ ಏಳಬೇಕು. ಸಂಜೆಗೆ ಮಂಡಿ ನೋವು ಖಾತ್ರಿ. ಇದನ್ನು ಮಗ್ಗ ನಡೆಸುವವರೊಂದಿಗೆ ಮೊದಲೇ ಮಾತಾಡಿ ಕೂಲಿ ಗೊತ್ತುಮಾಡುವುದು ನ್ಯಾಯ.

ಇನ್ನು ಸೆಕೆ. ಒಣಗಾಳಿಯಲ್ಲಿ ರೇಷ್ಮೆ ತನ್ನ ತೇವ ಕಳೆದುಕೊಂಡು ಗಡಸಾಗುತ್ತದೆ, ಎಳೆಗಳು ಒಂದನ್ನೊಂದು ದೂಡಿ ನವಿರೆದ್ದು ಹಣಿಗೆಯಲ್ಲಿ ತಿಕ್ಕುತ್ತವೆ. ಗುಂಡಿ ಮಗ್ಗಕ್ಕೆ ನೆಲದ ತಂಪು ಸ್ವಲ್ಪ ಕಾಯುತ್ತದೆ. ಸಿಮೆಂಟ್ ನೆಲದ, ಶೀಟ್ ಚಾವಣಿಯ ಕೋಣೆಯಲ್ಲಿ ಆ ಆಸರೆ ಇಲ್ಲ. ಹಾಸಿನ ಕೆಳಗೆ ಒದ್ದೆ ಮರಳಿನ ತಟ್ಟೆ ಇಡುವುದು, ನೆಲಕ್ಕೆ ನೀರು ಚಿಮುಕಿಸುವುದು ಸರಿ. ಹಾಸಿನ ಮೇಲೇ ನೀರು ಸಿಂಪಡಿಸುವುದು ತಪ್ಪು: ಹನಿ ಬಿದ್ದಲ್ಲಿ ಎಳೆ ಹಿಗ್ಗಿ, ಒಣಗಿದಾಗ ಕುಗ್ಗಿ, ನೆಲದಲ್ಲಿ ಪಟ್ಟೆ ಬೀಳುತ್ತದೆ. ಫ್ಯಾನ್ ಗಾಳಿ ನೇರ ಹಾಸಿನ ಮೇಲೆ ಬೀಳಬಾರದು. ಬೆಳಗ್ಗೆ ಆರರಿಂದ ಹನ್ನೊಂದು, ಸಂಜೆ ನಾಲ್ಕರ ಮೇಲೆ ನೇಯ್ದದ್ದು ಬಿಗಿಯಲ್ಲಿ ಸಮ ಇರುತ್ತದೆ. ಮಧ್ಯಾಹ್ನದ ತುಂಡಿನಲ್ಲಿ ಹೊಕ್ಕು ಸಡಿಲ, ಚಿತ್ರ ಉದ್ದುದ್ದ. ಸಂದೇಹವಿದ್ದರೆ ಸ್ಕೇಲ್ ಇಟ್ಟು ನೋಡಿ: 480 ಹೊಕ್ಕಿಗೆ ಆರಿಂಚು ಬರಬೇಕು, ಆರೂಕಾಲು ಬಂದರೆ ಮಗ್ಗ ನಿಲ್ಲಿಸಿ.

ಪೂರ್ತಿ ಸೀರೆಗೆ ಮೊದಲು ಅರ್ಧ ಮೀಟರ್ ಮಾದರಿ ನೇಯ್ದು, ಕತ್ತರಿಸಿ, ತಣ್ಣೀರಲ್ಲಿ ನೆನೆಸಿ ನೆರಳಲ್ಲಿ ಒಣಗಿಸಬೇಕು. ಉದ್ದ ಬಿರುಕಿನ ಪಕ್ಕದಲ್ಲಿ ಬಟ್ಟೆ ಸುಕ್ಕುಗಟ್ಟಿದರೆ ಕಟ್ಟುವ ಹೊಕ್ಕು ಸಾಲದು ಎಂದರ್ಥ, ಆರಕ್ಕಿದ್ದದ್ದನ್ನು ನಾಲ್ಕಕ್ಕೆ ಇಳಿಸಿ. ಮೂರಾಳು ದೂರದಿಂದ ನೋಡಿದಾಗ ಒಂದೇ ಕೂಡು ಅಡ್ಡಸಾಲಾಗಿ ಕಂಡರೆ ಅದನ್ನು ಹತ್ತಿಪ್ಪತ್ತು ಹೊಕ್ಕು ಮೇಲಕ್ಕೋ ಕೆಳಕ್ಕೋ ಜರುಗಿಸಬೇಕು. 480 ಕಾರ್ಡನ್ನೂ ಬಿಸಾಡಬೇಕಿಲ್ಲ. ತಪ್ಪಿದ ಹೊಕ್ಕಿನ ಕಾರ್ಡುಗಳನ್ನಷ್ಟೇ ಹೊಸದಾಗಿ ಹೊಡೆಸಿ ಅದೇ ಜಾಗಕ್ಕೆ ಹೊಲಿಸಬಹುದು. ಖರ್ಚು ಉಳಿಸಲು ಹಳೆಯ ತೂತಿಗೆ ಕಾಗದ ಅಂಟಿಸುವವರೂ ಇದ್ದಾರೆ. ಈ ಸೆಕೆಗೆ ಗೋಂದು ಬಿಟ್ಟು ಕಾಗದ ಉದುರಿದರೆ, ಮುಚ್ಚಿದ್ದ ಎಳೆ ಮತ್ತೆ ಏಳುತ್ತದೆ, ಅದೂ ಮೂರನೇ ಮೀಟರಿನಲ್ಲಿ.